ಹನ್ನೊಂದು ಪುಟ, ಒಂದೂವರೆ ಪುಟ

ಓದುಗರ ಪತ್ರ: "ಮುಂದಿನ ತಿಂಗಳು ನನಗೆ 60. ಅವತ್ತು ನಾಲ್ಕು ಮಾತಾಡಲೇಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಅದಕ್ಕೇ ಬದುಕನ್ನು ಒಮ್ಮೆ ಬರೆದು ನೋಡೋಣ ಅಂತ ಕೂತೆ. 28ನೇ ವಯಸ್ಸಿನವರೆಗೆ ಹನ್ನೊಂದು ಪುಟ ಆಯಿತು. ಆಮೇಲಿನ ವರ್ಷಗಳೆಲ್ಲ ಒಂದೂವರೆ ಪುಟದಲ್ಲಿ ಮುಗಿದುಹೋದವು. ಅಷ್ಟು ವರ್ಷ ನಾನು ಏನು ಮಾಡುತ್ತಿದ್ದೆ? 24ರಲ್ಲಿ ಒಂದು ನಾಟಕ ತಂಡ ಕರೆದಿತ್ತು. ಹೋಗಲಿಲ್ಲ, ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಅಲ್ಲೇ ದಾರಿ ತಪ್ಪಿತು ಅನಿಸುತ್ತದೆ. ಬರೆದದ್ದನ್ನು ಜೊತೆಗಿಟ್ಟಿದ್ದೇನೆ. ಪ್ರಕಟಿಸುತ್ತೀರಾ?"

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಹನ್ನೆರಡೂವರೆ ಪುಟವನ್ನೂ ಓದಿದೆ, ಕೆಲವು ಕಡೆ ಎರಡು ಸಲ. ಪ್ರಕಟಿಸುವ ವಿಚಾರ ಕೊನೆಗೆ ಹೇಳುತ್ತೇನೆ. ಮೊದಲು ಆ ಪುಟಗಳ ಲೆಕ್ಕ ನೋಡೋಣ, ಯಾಕಂದ್ರೆ ನಿಮ್ಮನ್ನು ಕಾಡುತ್ತಿರುವುದು ಅದೇ.

ವಯಸ್ಸಾದ ಮೇಲೆ ಯಾರನ್ನೇ ಕೂರಿಸಿ ಹಳೆಯದನ್ನು ಕೇಳಿ, ಸುಮಾರು ಹತ್ತರಿಂದ ಮೂವತ್ತು ವಯಸ್ಸಿನ ನಡುವಿನ ನೆನಪುಗಳೇ ಗುಂಪಾಗಿ ಎದ್ದು ಬರುತ್ತವೆ. ಮನಶ್ಶಾಸ್ತ್ರದವರು ಇದನ್ನು 1980ರ ದಶಕದಿಂದಲೂ ಅಳೆದು ನೋಡುತ್ತಾ ಬಂದಿದ್ದಾರೆ. ನೆನಪುಗಳನ್ನು ವಯಸ್ಸಿಗೆ ತಕ್ಕ ಹಾಗೆ ಗೆರೆ ಎಳೆದು ತೋರಿಸಿದರೆ ಅಲ್ಲೊಂದು ಗುಡ್ಡ ಕಾಣುತ್ತದೆ. ಮೊದಲ ಕೆಲಸ, ಮೊದಲ ಸಂಬಳ, ಮೊದಲ ಸಲ ಯಾರದ್ದೋ ಕೈ ಹಿಡಿದದ್ದು, ಮೊದಲ ಸಲ ಸೋತದ್ದು, ಎಲ್ಲಾ ಅಲ್ಲೇ ಸೇರಿಕೊಂಡಿರುತ್ತವೆ ನೋಡಿ. ನೂರನೇ ಸಲ ಸಂಬಳ ತಗೊಂಡ ದಿನ ಯಾರಿಗೆ ನೆನಪಿದೆ? ನಡು ವಯಸ್ಸಿನಲ್ಲಿ ಬೇರೆ ದೇಶಕ್ಕೆ ವಲಸೆ ಹೋದವರನ್ನು ಕೇಳಿದಾಗ ಇನ್ನೊಂದು ಸಂಗತಿ ಕಂಡಿತು. ಅವರ ಗುಡ್ಡ ಆ ವಲಸೆಯ ವರ್ಷಗಳ ಕಡೆಗೆ ಸರಿದಿತ್ತು. ಅಂದ್ರೆ ಬರೀ ವಯಸ್ಸಿನ ಮಾತಲ್ಲ ಇದು. ಎಲ್ಲಿ ಬದುಕು ಬುಡಮೇಲಾಯಿತೋ ಅಲ್ಲಿ ನೆನಪು ಜಾಸ್ತಿ.

ಹಾಗಾಗಿ ನಿಮ್ಮ ಆ ಒಂದೂವರೆ ಪುಟ ನೋಡಿದರೆ ನನಗೆ ಕಾಣುವುದು ಇಷ್ಟೇ, ಆ ವರ್ಷಗಳಲ್ಲಿ ದೊಡ್ಡ ಏರುಪೇರು ಆಗಲಿಲ್ಲ. ಮನೆ ನಡೆಯಿತು, ಮಕ್ಕಳು ಬೆಳೆದರು, ತಿಂಗಳ ಕೊನೆಗೆ ಲೆಕ್ಕ ಕೂಡಿಬಂತು. ಇದನ್ನು ಖಾಲಿ ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ.

ಹಾಗಂತ ಆ ಹನ್ನೊಂದು ಪುಟವನ್ನೂ ಪೂರ್ತಿ ನಂಬಬೇಡಿ. ನನ್ನದೇ ಒಂದು ಪೇಚಾಟ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನಗೆ 60 ತುಂಬಿದಾಗ ಇದೇ ಅಂಕಣದಲ್ಲಿ ಬರೆದಿದ್ದೆ, ನನ್ನ ಮೊದಲ ಕೆಲಸದ ಕಾಗದ ಬಂದ ದಿನ ಅಣ್ಣ ಮಳೆಯಲ್ಲಿ ಓಡಿ ಬಂದು ಕೈಗಿಟ್ಟ ಅಂತ, ಸ್ವಲ್ಪ ಕಣ್ಣೀರನ್ನೂ ಸೇರಿಸಿ. ಸಂಚಿಕೆ ಬಂದ ದಿನವೇ ಅಣ್ಣನ ಫೋನು. "ಅವತ್ತು ನಾನು ಊರಲ್ಲೇ ಇರಲಿಲ್ಲ ಕಣೋ, ತಂದುಕೊಟ್ಟವಳು ಅಕ್ಕ." ಅಕ್ಕನಿಗೆ ಫೋನ್ ಮಾಡಿ, ಹೋಗಲಿ ಮಳೆಯಾದರೂ ಇತ್ತಾ ಅಂತ ಕೇಳಿದೆ. "ಮಳೆ ಇತ್ತು. ನೆಂದವಳು ನಾನು," ಅಂದಳು. ಮೂವತ್ತೈದು ವರ್ಷಕ್ಕೂ ಜಾಸ್ತಿ ಕಾಲ ನಾನು ಅಣ್ಣನಿಗೆ ಋಣಿಯಾಗಿದ್ದೆ, ತಪ್ಪು ವಿಳಾಸಕ್ಕೆ!

ಇನ್ನು ನಾಟಕದ ವಿಷಯ. ಇದನ್ನು ಸುಮ್ನೆ ತಳ್ಳಿಹಾಕುವುದಿಲ್ಲ, ಯಾಕಂದ್ರೆ ಎಂಟನೇ ಪುಟದಲ್ಲಿ ಆ ತಂಡದ ತಾಲೀಮಿನ ಬಗ್ಗೆ ನೀವು ಬರೆದ ಸಾಲುಗಳು ಇಡೀ ಬರಹದಲ್ಲೇ ಚೆನ್ನಾಗಿವೆ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್‌ವೆಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಪಶ್ಚಾತ್ತಾಪದ ಬಗ್ಗೆ ಅಧ್ಯಯನ ಮಾಡಿದ್ದರು. ಹೊಸದರಲ್ಲಿ ಜನ ಹೆಚ್ಚು ಕೊರಗುವುದು ಮಾಡಿದ ತಪ್ಪಿಗೆ. ಕಾಲ ಕಳೆದ ಮೇಲೆ ಕೊರಗುವುದು ಮಾಡದೇ ಬಿಟ್ಟ ಕೆಲಸಕ್ಕೆ. ಮಾಡಿದ ತಪ್ಪನ್ನು ಹೇಗೋ ತಿದ್ದಿಕೊಂಡಿರುತ್ತೇವೆ, ಇಲ್ಲಾ ಅದರಿಂದ ಏನೋ ಕಲಿತೆ ಅಂತ ಸಮಾಧಾನ ಹೇಳಿಕೊಂಡಿರುತ್ತೇವೆ. ಮಾಡದೇ ಇದ್ದದ್ದಕ್ಕೆ ಅಂಥ ಕೊನೆ ಇರುವುದಿಲ್ಲ. ನೀವು ಹೋಗದೇ ಇದ್ದ ಆ ತಂಡದಲ್ಲಿ ಇವತ್ತಿಗೂ ಪ್ರತಿ ರಾತ್ರಿ ಚಪ್ಪಾಳೆ ಬೀಳುತ್ತಿರುತ್ತದೆ. ಸಂಬಳ ಬಾರದ ತಿಂಗಳು, ಖಾಲಿ ಕುರ್ಚಿಗಳ ಮುಂದೆ ಆಡಿದ ಆಟ, ಪಾತ್ರಕ್ಕಾಗಿ ಜಗಳ ಇವೆಲ್ಲ ಅಲ್ಲಿ ನಡೆಯುವುದೇ ಇಲ್ಲ, ಅಲ್ವಾ?

ಅದೇ ಎಂಟನೇ ಪುಟದ ಕೆಳಗೆ ಇನ್ನೊಂದು ಸಾಲಿದೆ. ಆ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು, ತಂಗಿ ಇನ್ನೂ ಓದುತ್ತಿದ್ದಳು. ನಾಲ್ಕು ಪುಟ ಆದಮೇಲೆ, ಹನ್ನೆರಡರಲ್ಲಿ, "ನನಗೆ ಧೈರ್ಯ ಇರಲಿಲ್ಲ" ಅಂತ ಬರೆದಿದ್ದೀರಿ. ಈ ಎರಡು ಸಾಲು ಒಂದನ್ನೊಂದು ನೋಡಿಯೇ ಇಲ್ಲ. ಸಂಪಾದಕನ ಕೆಲಸ ಮಾಡಿ ಮಾಡಿ ನನಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಹನ್ನೆರಡನೇ ಪುಟದ ಆ ವಾಕ್ಯವನ್ನು ನಾನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದ್ದೇನೆ, ಕ್ಷಮಿಸಿ.

ಹೀಗೆ ಹಿಂದಕ್ಕೆ ನೋಡುತ್ತಾ ಕೂರುವುದೇ ಮುಪ್ಪಿನ ಲಕ್ಷಣವಾ ಅಂತಲೂ ಅಂಚಿನಲ್ಲಿ ಗೀಚಿದ್ದೀರಿ. ಒಂದು ಕಾಲಕ್ಕೆ ವೈದ್ಯರೇ ಹಾಗೆ ಅಂದುಕೊಂಡಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಅದನ್ನು ಅಲ್ಲಗಳೆದು, ವಯಸ್ಸಾದವರು ತಮ್ಮ ಬದುಕನ್ನು ತಿರುವಿ ನೋಡುವುದು ಸಹಜ, ಅದರಿಂದ ಒಳ್ಳೆಯದೂ ಆಗಬಹುದು ಅಂದರು. ಮತ್ತೆ ಈ 60 ಅನ್ನುವ ಅಂಕಿಗೆ ಅಷ್ಟು ಹೆದರಬೇಡಿ. ಕೈಯಲ್ಲಿ ಹತ್ತು ಬೆರಳಿವೆ ಅಂತ ಹತ್ತರ ಲೆಕ್ಕ. ಎಂಟೇ ಇದ್ದಿದ್ದರೆ ನೀವು ಈ ಪತ್ರವನ್ನು 64ಕ್ಕೆ ಬರೆಯುತ್ತಿದ್ದಿರೋ ಏನೋ.

ಈಗ ಆ ಒಂದೂವರೆ ಪುಟಕ್ಕೆ ಏನು ಮಾಡುವುದು? ವಿಲ್ಲೆಮ್ ವಾಗೆನಾರ್ ಅಂತ ನೆದರ್ಲೆಂಡ್ಸ್‌ನ ಒಬ್ಬ ಮನಶ್ಶಾಸ್ತ್ರಜ್ಞ. ಆರು ವರ್ಷ ತನ್ನ ದಿನಗಳ ಘಟನೆಗಳನ್ನು ಬರೆದಿಟ್ಟ, ಒಟ್ಟು 2,400. ಏನಾಯಿತು, ಯಾರಿದ್ದರು, ಎಲ್ಲಿ, ಯಾವಾಗ ಅಂತ. ಆಮೇಲೆ ತನ್ನನ್ನೇ ಪರೀಕ್ಷೆ ಮಾಡಿಕೊಂಡು 1986ರಲ್ಲಿ ಪ್ರಕಟಿಸಿದ. ಬರೀ ತಾರೀಖು ನೋಡಿದರೆ ಹೆಚ್ಚುಕಮ್ಮಿ ಏನೂ ನೆನಪಾಗುತ್ತಿರಲಿಲ್ಲ. ಏನಾಯಿತು ಅನ್ನುವ ಸುಳಿವು ಸಿಕ್ಕರೆ ಜಾಸ್ತಿ ನೆನಪಾಗುತ್ತಿತ್ತು. ನನಗೆ ಹಿಡಿಸಿದ್ದು ಇನ್ನೊಂದು. ಪೂರ್ತಿ ಮರೆತೇಹೋಗಿದೆ ಅಂದುಕೊಂಡಿದ್ದ ಕೆಲವು ಘಟನೆಗಳ ಬಗ್ಗೆ, ಅವತ್ತು ಜೊತೆಗಿದ್ದವರನ್ನು ಕೇಳಿದಾಗ, ಅವೂ ಎದ್ದು ಬಂದವು.

ನೀವು ಮಾಡಿದ್ದೇನು? ಇಸವಿಗಳನ್ನು ಸಾಲಾಗಿ ಬರೆದುಕೊಂಡು, ಮುಂದೆ ಏನೂ ಹೊಳೆಯದೆ ಖಾಲಿ ಬಿಟ್ಟಿದ್ದೀರಿ. ಇಸವಿಯನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಜೊತೆಗಿದ್ದವರನ್ನು ಕೇಳಿ. ಮಗಳನ್ನು ಕೂರಿಸಿಕೊಂಡು, ನಿನಗೆ ಹತ್ತು ವರ್ಷ ಇದ್ದಾಗ ನಾನು ಹೇಗಿದ್ದೆ ಅಂತ ಕೇಳಿ. ತಂಗಿಗೆ ಫೋನ್ ಮಾಡಿ. ಹೆಂಡತಿಯ ಕೈಗೆ ಆ ಒಂದೂವರೆ ಪುಟವನ್ನೂ ಒಂದು ಪೆನ್ನನ್ನೂ ಕೊಟ್ಟು ಒಂದು ಗಂಟೆ ಆ ಕಡೆ ಹೋಗಬೇಡಿ. ಅವರು ಬರೆದದ್ದರಲ್ಲಿ ನಿಮಗೆ ಹಿಡಿಸದ್ದೂ ಇರುತ್ತದೆ, ಹೊಡೆದುಹಾಕಬೇಡಿ, ಆ ಕೆಲಸ ನನ್ನದು.

ಪ್ರಕಟಿಸುತ್ತೀರಾ ಅಂತ ಕೇಳಿದ್ದಿರಿ. ಈಗಲ್ಲ. ಆ ಹನ್ನೊಂದು ಪುಟವನ್ನು ಆರಕ್ಕೆ ಇಳಿಸಿ, ಮನೆಯವರು ಸೇರಿಸಿದ್ದನ್ನೂ ಇಟ್ಟು ಮತ್ತೆ ಕಳಿಸಿ, ಆತುರ ಇಲ್ಲ. ಮಕ್ಕಳು ಕೇಳಿದ ನಾಲ್ಕು ಮಾತಿಗೆ ಎಂಟನೇ ಪುಟದ ತಾಲೀಮಿನ ಭಾಗ ಸಾಕು, ಅಭಿನಯ ಮಾಡಿಯೇ ಓದಿ. ಮತ್ತೆ ಈ ಸಲ ದಯವಿಟ್ಟು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ನಮ್ಮಲ್ಲಿ ಟೈಪ್ ಮಾಡುವವರು ನನ್ನನ್ನು ಬೈಯುತ್ತಾರೆ.