ಹಡಗಿನ ಮೇಲೆ ಹೆಲಿಕಾಪ್ಟರ್ ಇಳಿಸೋಕೆ ಡೆಕ್ ದೊಡ್ಡದು ಮಾಡಿದ್ರೆ ಸಾಕಾ?

"ಫ್ರಿಗೇಟ್ ಥರದ ಯುದ್ಧನೌಕೆ ಮೇಲೆ ಹೆಲಿಕಾಪ್ಟರ್ ಇಳಿಸೋದು ಕಷ್ಟ ಅಂತಾರೆ, ಡೆಕ್ ಸ್ವಲ್ಪ ದೊಡ್ಡದಾಗಿ ಕಟ್ಟಿದ್ರೆ ಮುಗೀತಲ್ವಾ" ಅಂತ ಕೇಳಿದೀರ. ಮುಗಿಯಲ್ಲ ಸಾರ್. ಜಾಗ ಚಿಕ್ಕದು, ಹಡಗು ಓಲಾಡುತ್ತೆ, ಎರಡೂ ನಿಜಾನೇ, ಆದ್ರೆ ಎಂ.ಟೆಕ್‌ನಲ್ಲಿ ಈ ಗಾಳಿಯನ್ನ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡಿದವನಾಗಿ ಹೇಳ್ತೀನಿ, ಅಸಲಿ ತಲೆನೋವು ಡೆಕ್ ಮುಂದೆ ಗೋಡೆ ಥರ ನಿಂತಿರೋ ಹ್ಯಾಂಗರ್‌ದು, ಅಂದ್ರೆ ಹೆಲಿಕಾಪ್ಟರ್ ಇಡೋ ಶೆಡ್‌ದು.

ಎದುರುಗಾಳಿ ಹ್ಯಾಂಗರ್ ಮೇಲಿಂದ ಬಂದು ಅಂಚಲ್ಲಿ ಕಿತ್ಕೊಂಡು ಡೆಕ್ ಮೇಲೆ ಬೀಳುತ್ತೆ, ಹೊಳೇಲಿ ಬಂಡೆ ಹಿಂದೆ ನೀರು ಸುಳಿ ತಿರುಗುತ್ತಲ್ಲ ಹಾಗೆ. ರೋಟರ್ (ಮೇಲೆ ತಿರುಗೋ ರೆಕ್ಕೆ) ಅದರೊಳಗೆ ಬಂದ ತಕ್ಷಣ ಮೇಲಿಂದ ಗಾಳಿ ಒತ್ತುತ್ತೆ, ಎತ್ತೋ ಶಕ್ತಿ ಕಮ್ಮಿಯಾಗುತ್ತೆ, ಪೈಲಟ್ ಪವರ್ ಜಾಸ್ತಿ ಕೊಡ್ತಾರೆ, ಅಷ್ಟರಲ್ಲಿ ಸುಳಿ ಜಾಗ ಬದಲಾಯಿಸಿರುತ್ತೆ. ಸೆಕೆಂಡಿಗೆ ಸುಮಾರು 0.2 ರಿಂದ 2 ಸಲ ಏರಿಳಿಯೋ ಗಾಳಿನೇ ಜಾಸ್ತಿ ಕಾಟ ಕೊಡೋದು. ಅದಕ್ಕಿಂತ ನಿಧಾನ ಇದ್ರೆ ಪೈಲಟ್ ಆರಾಮಾಗಿ ಸರಿಮಾಡ್ಕೋತಾರೆ, ಅದಕ್ಕಿಂತ ಬೇಗ ಬೇಗ ಏರಿಳಿದ್ರೆ ಅಷ್ಟು ಭಾರದ ಹೆಲಿಕಾಪ್ಟರ್ ಅಲ್ಲಾಡೋಕೂ ಪುರುಸೊತ್ತಿರಲ್ಲ, ನಡುವಿನದ್ದಕ್ಕೆ ಮಾತ್ರ ಕೈ ಕಾಲು ಎರಡೂ ಓಡ್ತಾನೇ ಇರ್ಬೇಕು. ಗಾಳಿ ಓರೆಯಾಗಿ ಬಂತು ಅಂದ್ರೆ ಹ್ಯಾಂಗರ್ ಪಕ್ಕದ ಅಂಚಿಂದ ಇನ್ನೊಂದು ಸುಳಿ ಶುರು.

ಹಾಗಂತ ಹ್ಯಾಂಗರ್ ಚಿಕ್ಕದು ಮಾಡೋಕಾಗಲ್ಲ, ಹೆಲಿಕಾಪ್ಟರ್ ಒಳಗೆ ಹಿಡಿಸ್ಬೇಕಲ್ಲ (ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್ ಬಗ್ಗೆ ನೌಕಾಪಡೆಗಿದ್ದ ತಕರಾರುಗಳಲ್ಲಿ ಇದೂ ಒಂದು, ರೆಕ್ಕೆ ಮಡಚಿದ್ಮೇಲೂ ಅಗಲ ಜಾಸ್ತಿ ಅನ್ನೋದು). ಅದಕ್ಕೇ ಅಂಚು ಓರೆ ಮಾಡಿ, ಜಾಲರಿ ಥರದ ತಡೆ ಹಾಕಿ ವಿಂಡ್ ಟನಲ್‌ನಲ್ಲಿ (ಮಾದರಿ ಇಟ್ಟು ಗಾಳಿ ಬಿಟ್ಟು ನೋಡೋ ಸುರಂಗ) ಟ್ರೈ ಮಾಡ್ತಾರೆ.

ಚಿಮಣಿ ಎಲ್ಲಿಡ್ಬೇಕು ಅನ್ನೋದೂ ಇದರಲ್ಲೇ ಬರುತ್ತೆ. ಬಿಸಿ ಗಾಳಿ ತೆಳು, ರೋಟರ್‌ಗೂ ಇಂಜಿನ್‌ಗೂ ಏಟು. ಸಮುದ್ರದ ತೈಲ ರಿಗ್‌ಗಳ ಹೆಲಿಡೆಕ್‌ಗೆ ಬ್ರಿಟನ್ನಿನವರ ಸಿಎಪಿ 437 ಅಂತ ಒಂದು ನಿಯಮಾವಳಿ ಇದೆ, ಅದರಲ್ಲಿ 3 ಸೆಕೆಂಡ್ ಸರಾಸರಿಯಲ್ಲಿ 2 ಡಿಗ್ರಿ ಸೆಲ್ಸಿಯಸ್ ಏರಿದ್ರೂ ಗಂಭೀರವಾಗಿ ತಗೋಬೇಕು ಅಂತಿದೆ, ಬರೀ 2 ಡಿಗ್ರಿ!

ಓಲಾಟಕ್ಕೆ ಪರಿಹಾರ ಹಳೇದು. ಕೆನಡಾದವರು 1960ರ ದಶಕದಲ್ಲೇ ಬೇರ್‌ಟ್ರ್ಯಾಪ್ ಮಾಡಿದ್ರು, ಹೆಲಿಕಾಪ್ಟರಿಂದ ಇಳಿಬಿಟ್ಟ ಕೇಬಲ್ ಹಿಡಿದು ಹಡಗೇ ಅದನ್ನ ಕೆಳಗೆಳ್ಕೊಂಡು ದವಡೆ ಥರ ಕಚ್ಕೊಳ್ಳುತ್ತೆ. ನಮ್ಮ ನೌಕಾಪಡೆಯ ಹಳೇ ಐಎನ್‌ಎಸ್ ತಾರಾಗಿರಿ, ವಿಂಧ್ಯಗಿರಿ ಮೇಲೂ ಸೀ ಕಿಂಗ್ ಹೆಲಿಕಾಪ್ಟರ್‌ಗೋಸ್ಕರ ಹಾಕಿದ್ರು. ಫ್ರೆಂಚರದು ತೂತು ತೂತಿನ ಉಕ್ಕಿನ ತಟ್ಟೆ, ಹೆಲಿಕಾಪ್ಟರ್ ಹೊಟ್ಟೆಯಿಂದ ಒಂದು ಕೊಕ್ಕೆ ಬಂದು ಅದರಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಜಾರದ ಪೇಂಟು, ಸುತ್ತ ಬಲೆ, ಬೆಂಕಿ ಆರಿಸೋ ಫೋಮ್ ಎಲ್ಲಾ ಕಡೆ ಇದ್ದಿದ್ದೇ.

ಕೊನೆಗೆ ಯಾವ ದಿಕ್ಕಿಂದ ಎಷ್ಟು ಗಾಳಿ ಇದ್ರೆ ಇಳೀಬಹುದು ಅನ್ನೋ ಮಿತಿಯನ್ನ ಪ್ರತಿ ಹಡಗು-ಹೆಲಿಕಾಪ್ಟರ್ ಜೋಡಿಗೂ ಬೇರೆ ಬೇರೆ ಹಾಕ್ಬೇಕು, ಅದಕ್ಕೆ ಸಮುದ್ರದಲ್ಲಿ ವಾರಗಟ್ಟಲೆ ಹಾರಿಸಿ ನೋಡ್ಬೇಕು, ಬೇಕಾದ ಗಾಳಿ ಬೇಕಾದ ದಿನ ಬೀಸ್ಬೇಕಲ್ಲ! ಅದಕ್ಕೇ ಲಿವರ್‌ಪೂಲ್ ಯೂನಿವರ್ಸಿಟಿ ಅಂಥ ಕಡೆ ಲೆಕ್ಕ ಹಾಕಿದ ಗಾಳಿಯನ್ನ ಫ್ಲೈಟ್ ಸಿಮ್ಯುಲೇಟರ್‌ಗೆ ಹಾಕಿ ಪೈಲಟ್‌ಗಳನ್ನ ಕೂರಿಸ್ತಾರೆ. ಹಡಗು ಇನ್ನೂ ಡ್ರಾಯಿಂಗ್‌ನಲ್ಲಿರೋವಾಗ್ಲೇ ಹೀಗೆ ನೋಡಿದ್ರೆ ಹ್ಯಾಂಗರ್ ಅಂಚು ಬದಲಾಯಿಸೋಕೆ ಟೈಮ್ ಸಿಗುತ್ತೆ, ಉಕ್ಕು ಕತ್ತರಿಸಿದ ಮೇಲೆ ಯಾರೂ ಒಪ್ಪಲ್ಲ.