ನಿಂಬೆಹಣ್ಣು ಪಾನಕಕ್ಕಿರಲಿ, ಮುಖಕ್ಕೆ ಬೇಡ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಲಿನವೇ. ಕೆಲವಕ್ಕೆ ಉದ್ದವಾಗಿಯೇ ಹೇಳಬೇಕಿತ್ತು, ಹಾಗಾಗಿ ನಾಲ್ಕು ಪತ್ರ ಮಾತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಶಾಲಾ ಶಿಕ್ಷಕಿ. ಬಸ್ಸಿಳಿದು ಶಾಲೆಗೆ ದಿನಾ ಬಿಸಿಲಲ್ಲಿ ನಡೆಯಬೇಕು. ಮುಖ, ಕೈ ಎಲ್ಲಾ ಕಪ್ಪಾಗಿದೆ. ಮೊಬೈಲಲ್ಲಿ ನೋಡಿ ನಿಂಬೆರಸಕ್ಕೆ ಸಕ್ಕರೆ ಸೇರಿಸಿ ವಾರಪೂರ್ತಿ ಉಜ್ಜಿದೆ. ಈಗ ಕೆನ್ನೆ ಮೇಲೆ ಕಂದು ಪಟ್ಟಿ ಎದ್ದಿದೆ. ಏನು ಮಾಡಲಿ ಹೇಳ್ರಿ.
– ಓದುಗರು, ರಾಯಚೂರು

ಉತ್ತರ: ಮೊದಲು ನಿಂಬೆಹಣ್ಣು ಬಿಡಿ, ಇವತ್ತೇ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ ಒಂದು ಅಂಶ ಇದೆ. ಅದು ಮೈಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಸುಟ್ಟಿದ್ದು ತಕ್ಷಣ ಗೊತ್ತಾಗುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಕೆಂಪಾಗುತ್ತದೆ, ಕೆಲವರಿಗೆ ಗುಳ್ಳೆ ಏಳುತ್ತದೆ, ಆಮೇಲೆ ಕಂದು ಕಲೆ ಉಳಿಯುತ್ತದೆ. ಅಷ್ಟು ಹೊತ್ತಿಗೆ ನಿಂಬೆ ಉಜ್ಜಿದ್ದು ಯಾರಿಗೆ ನೆನಪಿರುತ್ತದೆ? ರಾಮನವಮಿ ಮುಗಿದ ವಾರ ಇಂಥ ಕೈಗಳನ್ನು ನಾನು ನೋಡಿದ್ದೇನೆ. ಪೆಂಡಾಲಿನ ಹೊರಗೆ ಬಿಸಿಲಲ್ಲೇ ಕೂತು ಪಾನಕಕ್ಕೆ ಬುಟ್ಟಿಗಟ್ಟಲೆ ನಿಂಬೆಹಣ್ಣು ಹಿಂಡಿದವರು ಅವರು. ರಸ ಹರಿದ ದಾರಿಯಲ್ಲೇ ಬೆರಳಿಂದ ಮಣಿಕಟ್ಟಿನವರೆಗೆ ಗೆರೆ ಎಳೆದ ಹಾಗೆ ಕಲೆ, ತೊಟ್ಟಿಕ್ಕಿದ ಕಡೆ ಗುಂಡಗೆ ಚುಕ್ಕೆ.

ನಿಮ್ಮ ಪಟ್ಟಿಯೂ ಮಾಸುತ್ತದೆ, ಹೆದರಬೇಡಿ. ಆದರೆ ಕೆಲವು ತಿಂಗಳೇ ಹಿಡಿಯಬಹುದು. ಅಲ್ಲಿಯವರೆಗೆ ಸಕ್ಕರೆ, ಕಾಫಿಪುಡಿ, ಅಡುಗೆ ಸೋಡಾ ಯಾವುದನ್ನೂ ಉಜ್ಜಬೇಡಿ. ನಮ್ಮಂಥ ಕಂದು ಚರ್ಮ ಉಜ್ಜಿ ಗಾಯವಾದಷ್ಟೂ ಇನ್ನೂ ಕಪ್ಪಾಗುತ್ತದೆ. ತಣ್ಣೀರಲ್ಲಿ ಮುಖ ತೊಳೆದು ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಸಾಕು. ಇನ್ನೊಂದು ಮಾತು. ಬಿಸಿಲಿಗೆ ಕಪ್ಪಾಗುವುದು ಕೊಳೆ ಅಲ್ಲ, ಉಜ್ಜಿ ತೆಗೆಯುವುದಕ್ಕೆ. ಒಳಗಿನ ಜೀವಕೋಶಗಳನ್ನು ಕಾಯಲು ಚರ್ಮ ತಾನೇ ಬಣ್ಣ ಕಟ್ಟಿಕೊಳ್ಳುತ್ತದೆ. ನಿಮ್ಮ ಊರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ವಾ? ಅಲ್ಲಿ ಯಾವ ಕ್ರೀಮಿಗಿಂತಲೂ ಮೊದಲು ಬೇಕಾದದ್ದು ಕೊಡೆ, ಉದ್ದ ತೋಳಿನ ರವಿಕೆ. ತಲೆಗೆ ಹೊದೆಯುವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಕಾಣಿಸಿದರೆ ಬಿಸಿಲೂ ಅದನ್ನು ದಾಟಿ ಬರುತ್ತದೆ.

ಪ್ರಶ್ನೆ: ಬಂಗು ಇತ್ತು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಕ್ರೀಮು ತಂದೆ. ಮೊದಲ ತಿಂಗಳು ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಈಗ ಒಂದು ವರ್ಷ ಆಗಿದೆ. ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ನಿಂತರೂ ಉರಿ. ಹಚ್ಚುವುದು ಬಿಟ್ಟರೆ ಮುಖವೆಲ್ಲ ಕೆಂಪಾಗಿ ಗುಳ್ಳೆ.
– ಓದುಗರು, ಹುಬ್ಬಳ್ಳಿ

ಉತ್ತರ: ಇಂಥ ಪತ್ರ ಓದಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಯಾಕಂದರೆ ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಟ್ಯೂಬ್ ತೆಗೆದು ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಡಾಕ್ಟರ್ ಚೀಟಿ ಇಲ್ಲದೆ ಕೊಡುವಂಥದ್ದೇ ಅಲ್ಲ. ಸರಿಯಾದ ಕಾಯಿಲೆಗೆ, ಸ್ವಲ್ಪ ದಿನಕ್ಕೆ ಅದು ಒಳ್ಳೆಯ ಔಷಧಿ. ಆದರೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರ ಎದ್ದು ಕಾಣುತ್ತದೆ, ಮೊಡವೆ ಬರುತ್ತದೆ, ಹೆಂಗಸರಿಗೂ ಗಲ್ಲದ ಮೇಲೆ ಕೂದಲು ಬೆಳೆಯಬಹುದು. ಬಿಟ್ಟ ತಕ್ಷಣ ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚುವ ಹಾಗಾಗುತ್ತದೆ. ಒಬ್ಬರೇ ಕಷ್ಟಪಡಬೇಡಿ. ಆ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ, ಹೇಗೆ ಬಿಡಿಸಬೇಕು ಅಂತ ಅವರಿಗೆ ಗೊತ್ತು. ನಿಧಾನವಾಗುತ್ತದೆ, ಆದರೆ ಬಹಳಷ್ಟು ಸುಧಾರಿಸುತ್ತದೆ. ಬಂಗಿಗೆ ಬಿಸಿಲಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಆಗುವುದಿಲ್ಲ. ಹಾಗಾಗಿ ಮುಖ ಸ್ವಲ್ಪ ಸುಧಾರಿಸಿದ ಮೇಲೆ ಚರ್ಮದ ಬಣ್ಣ ಬೆರೆತ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬಗ್ಗೆ ಅವರನ್ನೇ ಕೇಳಿ. ನಿಮ್ಮ ಟ್ಯೂಬನ್ನು ಅಕ್ಕತಂಗಿಯರಿಗೆ ದಯವಿಟ್ಟು ಕೊಡಬೇಡಿ.

ಪ್ರಶ್ನೆ: ದಿನಾ ಸ್ಕೂಟರಲ್ಲಿ ಆಫೀಸಿಗೆ ಹೋಗುತ್ತೇನೆ. ಸನ್‌ಸ್ಕ್ರೀನ್ ಹಚ್ಚಿದರೂ ಕೈ ಕಪ್ಪಾಗುತ್ತಿದೆ. ಹೆಲ್ಮೆಟ್‌ನಿಂದ ಕೂದಲು ಉದುರುತ್ತಿದೆ, ಹೊಟ್ಟು ಬೇರೆ. ಅಮ್ಮ ಜಾಸ್ತಿ ಎಣ್ಣೆ ಹಚ್ಚು ಅಂತಾರೆ.
– ಓದುಗರು, ಬೆಂಗಳೂರು

ಉತ್ತರ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಣ್ಣಗಿರುತ್ತದೆ ಅಂತ ಬಿಸಿಲು ಮೆತ್ತಗಿದೆ ಅಂದುಕೊಳ್ಳುತ್ತೇವೆ, ಹಾಗಿಲ್ಲ. ಸನ್‌ಸ್ಕ್ರೀನ್ ಕೆಲಸ ಮಾಡದಿರುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ, ಕಡಿಮೆ ಹಚ್ಚುವುದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದರೆ ಎಷ್ಟಾಗುತ್ತದೋ ಅಷ್ಟು ಮುಖಕ್ಕೆ, ಕುತ್ತಿಗೆಗೆ ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿ ಹೇಳುವ, ಟ್ಯೂಬಿನ ಮೇಲಿನ ಅಂಕಿ) 30 ಇದ್ದರೆ ಸಾಕು. ಚರ್ಮ ಸುಡುವ ಕಿರಣಗಳಲ್ಲಿ ಅದು ನೂರಕ್ಕೆ ಸುಮಾರು 97 ಭಾಗ ತಡೆದರೆ 50ರದ್ದು ಸುಮಾರು 98 ಭಾಗ ತಡೆಯುತ್ತದೆ, ವ್ಯತ್ಯಾಸ ಅಷ್ಟೇ. ಕೈಗೆ ಸುಮ್ನೆ ಒಂದು ಜೊತೆ ಉದ್ದ ಗ್ಲೌಸ್ ತಗೊಳ್ಳಿ, ಅದಕ್ಕೆ ಎರಡು ಗಂಟೆಗೊಮ್ಮೆ ಹಚ್ಚುವ ಗೋಳಿಲ್ಲ.

ಇನ್ನು ಕೂದಲು. ಬಾಚಣಿಗೆಗೆ ಬಂದ ಒಂದು ಎಳೆ ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣದಾಗಿ ಬಿಳಿ ಗಂಟು ಕಂಡರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಎಳೆ ಹಾಗೆ ಉದುರುವುದು ಸಹಜ. ಅದಕ್ಕಿಂತ ಜಾಸ್ತಿ ಅನಿಸಿದರೆ ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ, ಊಟ ಬಿಟ್ಟು ತೂಕ ಇಳಿಸಿದ್ರಾ ನೆನಪು ಮಾಡಿಕೊಳ್ಳಿ. ಗಂಟಿಲ್ಲದೆ ತುಂಡಾಗಿದ್ದರೆ ಅದು ಮುರಿದದ್ದು, ಇದರಲ್ಲಿ ಹೆಲ್ಮೆಟ್ಟಿನ ಪಾಲಿದೆ. ಒದ್ದೆ ಕೂದಲು ಬೇಗ ಮುರಿಯುತ್ತದೆ. ತಲೆ ಸ್ನಾನ ಮಾಡಿ ಹಾಗೇ ಹೆಲ್ಮೆಟ್ ಹಾಕಿ ಓಡಬೇಡಿ. ಒಳಗೆ ತೆಳ್ಳನೆ ಹತ್ತಿ ಬಟ್ಟೆ ಕಟ್ಟಿ, ದಿನಾ ಒಗೆಯಿರಿ. ಹೆಲ್ಮೆಟ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ: ಹೊಟ್ಟು ಒಣಗಿದ್ದಕ್ಕೆ ಬರುವುದಲ್ಲ. ತಲೆಯ ಜಿಡ್ಡು ತಿಂದು ಬೆಳೆಯುವ ಒಂದು ಶಿಲೀಂಧ್ರದ ಕೈವಾಡ ಅದು, ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಅದಕ್ಕೆ ಹಬ್ಬ. ಶಿಲೀಂಧ್ರ ತಡೆಯುವ ಕೀಟೊಕೊನಜೋಲ್ ಇರುವ ಶಾಂಪೂ ವಾರಕ್ಕೆ ಎರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಕೊಬ್ಬರಿ ಎಣ್ಣೆ ಪೂರ್ತಿ ಬಿಡಬೇಕಾಗಿಲ್ಲ. ಸ್ನಾನಕ್ಕೆ ಮುಂಚೆ ಜಡೆಯ ಉದ್ದಕ್ಕೆ ಸವರಿದರೆ ಕೂದಲಿನ ಸಾರ ಉಳಿಯುತ್ತದೆ. ಬುಡಕ್ಕೆ ಬೇಡ, ಅಷ್ಟೇ.

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಕುತ್ತಿಗೆ, ಬೆನ್ನಿಗೆಲ್ಲ ಬೆವರುಸಾಲೆ. ಪೌಡರ್ ಹಾಕಬಹುದಾ? ಹೊರಗೆ ಹೋಗುವಾಗ ಸನ್‌ಸ್ಕ್ರೀನ್?
– ಓದುಗರು, ಮಂಗಳೂರು

ಉತ್ತರ: ಎರಡೂ ಬೇಡ. ಪೌಡರ್ ಗಾಳಿಯಲ್ಲಿ ಹಾರಿ ಮಗುವಿನ ಶ್ವಾಸಕೋಶ ಸೇರುತ್ತದೆ. ಆರು ತಿಂಗಳವರೆಗೆ ಸನ್‌ಸ್ಕ್ರೀನ್ ಬದಲು ನೆರಳು, ಟೋಪಿ. ಕರಾವಳಿ ಸೆಕೆಗೆ ಬೆವರು ಆರುವುದಿಲ್ಲ, ಬೆವರಿನ ದಾರಿ ಕಟ್ಟಿಕೊಂಡು ಸಾಲೆ ಏಳುತ್ತದೆ. ಎಣ್ಣೆ ತಿಕ್ಕುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಉಗುರುಬೆಚ್ಚಗಿಂತ ತುಸು ತಣ್ಣಗಿನ ನೀರಲ್ಲಿ ಸ್ನಾನ ಮಾಡಿಸಿ, ಕುತ್ತಿಗೆಯ ಮಡಿಕೆ ಬಿಡಿಸಿ ಒತ್ತಿ ಒರೆಸಿ, ಹಳೇ ಹತ್ತಿ ಪಂಚೆ ಹರಿದು ಹೊಲಿದ ಸಡಿಲ ಅಂಗಿ ಹಾಕಿ. ಸಾಲೆಯಲ್ಲಿ ಕೀವು ಕಂಡರೆ ಅಥವಾ ಜ್ವರ ಬಂದರೆ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.