ಸ್ಯಾನ್ ಹೋಸೆಗೆ ಹೊರಡುವ ಮೊದಲು, ಕಾರಿನ ಬಗ್ಗೆ

ಮಾರತ್ತಹಳ್ಳಿಯಿಂದ ನೀವು ಬರೆದದ್ದು ಓದಿದೆ. ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಹೋಸೆಗೆ ಹೊರಟಿದ್ದೀರಿ. ಬಾಡಿಗೆ, ಸ್ಕೂಲು, ಚಳಿ ಎಲ್ಲ ಕೇಳಿದ್ದೀರಿ. ಅವೆಲ್ಲ ಹೋದ ಮೇಲೆ ತಾನಾಗಿ ಗೊತ್ತಾಗುತ್ತವೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ ಬೇಕು: "ಅಲ್ಲಿ ಮೂರ್ನಾಲ್ಕು ವರ್ಷ ಓಡಿದ ಜರ್ಮನ್ ಕಾರು ಅಗ್ಗಕ್ಕೆ ಸಿಗುತ್ತಂತೆ, ಕೆಟ್ಟರೆ ಕಂಪನಿಯೇ ವಾಪಸ್ ತಗೊಳ್ಳುತ್ತಂತೆ, ನಿಜಾನಾ?"

ಅಗ್ಗಕ್ಕೆ ಸಿಗುವುದು ನಿಜ. ವಾಪಸ್ ತಗೊಳ್ಳುತ್ತಾರೆ ಅಂತ ನಂಬಿ ಕೊಳ್ಳಬೇಡಿ.

ನಾನು ಅಲ್ಲಿಗೆ ಹೋಗಿ ಹದಿನಾಲ್ಕು ವರ್ಷ ಆಯಿತು. ಈಗ ರಜೆಗೆ ಜಯನಗರದ ಮನೆಗೆ ಬಂದಿದ್ದೇನೆ. ಅಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ ಮೂರಕ್ಕೂ ವಾರಂಟಿ 4 ವರ್ಷ ಅಥವಾ 50,000 ಮೈಲಿ, ಯಾವುದು ಮೊದಲೋ ಅದು. ಆ ಗೆರೆ ದಾಟಿದ ಮೇಲೆ ರಿಪೇರಿ ಪೂರ್ತಿ ನಿಮ್ಮ ತಲೆಯ ಮೇಲೆ. ಎಷ್ಟೋ ಮೊದಲ ಮಾಲೀಕರು ಗೆರೆ ಹತ್ತಿರ ಬಂದಾಗ ಮಾರಿಬಿಡುತ್ತಾರೆ.

ಕೆಟ್ಟ ಕಾರನ್ನು ಕಂಪನಿ ವಾಪಸ್ ತಗೊಳ್ಳಬೇಕು ಅನ್ನುವ ಕಾನೂನು ಇದೆ. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲೇ ಬಂತು, ಜನ ಲೆಮನ್ ಲಾ ಅಂತಾರೆ. ನಾವು ಗಾಳಿ ಆಂಜನೇಯನ ಗುಡಿ ಮುಂದೆ ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವಲ್ಲ, ಅಲ್ಲಿ ಹುಟ್ಟಿನಿಂದಲೇ ದೋಷ ಇರುವ ಕಾರನ್ನೇ ನಿಂಬೆಹಣ್ಣು ಅನ್ನುತ್ತಾರೆ. ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ತೊಂದರೆಗೆ ನಾಲ್ಕು ಸಲ, ಪ್ರಾಣಕ್ಕೆ ಅಪಾಯ ಆಗುವಂಥದ್ದಾದರೆ ಎರಡು ಸಲ ರಿಪೇರಿಗೆ ಬಿಟ್ಟೂ ಸರಿಯಾಗದಿದ್ದರೆ, ಅಥವಾ ಒಟ್ಟು 30 ದಿನಕ್ಕಿಂತ ಜಾಸ್ತಿ ಗ್ಯಾರೇಜಿನಲ್ಲೇ ನಿಂತರೆ, ಕಾನೂನು ನಿಮ್ಮ ಕಡೆ ವಾಲುತ್ತದೆ. ಗೆದ್ದರೆ ವಕೀಲರ ಫೀಸನ್ನೂ ಕಂಪನಿಯೇ ಕೊಡಬೇಕು.

ಆದರೆ 2024ರ ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಹಳೆಯ ವಾರಂಟಿಯಲ್ಲಿ ಒಂದಿಷ್ಟು ಉಳಿದಿದೆ ಅಂದ ಮಾತ್ರಕ್ಕೆ ಸೆಕೆಂಡ್ ಹ್ಯಾಂಡ್ ಕಾರು ಈ ಕಾನೂನಿನ ಕಣ್ಣಿಗೆ ಹೊಸ ಕಾರು ಆಗುವುದಿಲ್ಲ. ಕಾರು ಬದಲಾಯಿಸಿ ಕೊಡಿ, ಇಲ್ಲ ಹಣ ವಾಪಸ್ ಕೊಡಿ ಅಂತ ಹೊಸ ಕಾರಿನ ಕಲಮಿನಡಿ ಕೇಳುವ ಹಾಗಿಲ್ಲ. ಮಾರುವಾಗ ತಯಾರಕರು ಹೊಸದಾಗಿ ವಾರಂಟಿ ಕೊಟ್ಟಿದ್ದರೆ ಮಾತು ಬೇರೆ. ಅದನ್ನು ಕೊಳ್ಳುವ ಮುಂಚೆ ಬರವಣಿಗೆಯಲ್ಲಿ ಕೇಳಿ.

ನನ್ನ ಕಥೆ ಹೇಳುತ್ತೇನೆ. ಹೋಗಿ ಎರಡನೇ ವರ್ಷ ನಾನೂ ಅಂಥದ್ದೇ ಕಾರು ಕೊಂಡೆ. ಅಪ್ಪನಿಗೆ ಫೋಟೋ ಕಳಿಸಿದಾಗ ಅವರು ಅತ್ತುಬಿಟ್ಟರು. ಏಳು ತಿಂಗಳಿಗೆ ಬೆಳಗಿನ ಹೊತ್ತು ಎರಡನೇ ಗೇರಿಗೆ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್ ಹೊಡೆಯತೊಡಗಿತು. ವರ್ಕ್‌ಶಾಪಿಗೆ ಮೂರು ಸಲ ಬಿಟ್ಟೆ. ಮೂರು ಸಲವೂ ಕಾಗದದಲ್ಲಿ ಒಂದೇ ಸಾಲು: ತೊಂದರೆ ಕಾಣಿಸಲಿಲ್ಲ. ಕಾಣಿಸುವುದಾದರೂ ಹೇಗೆ? ನಾನು ಓಡಿಸಿಕೊಂಡು ಹೋಗುವಷ್ಟರಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿರುತ್ತಿತ್ತು. ನಾಲ್ಕನೇ ಸಲ ರಾತ್ರಿಯೇ ಬಿಟ್ಟು ಬಂದೆ. ಬೆಳಗ್ಗೆ ತಣ್ಣಗಿರುವಾಗ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಓಡಿಸಿ ತೋರಿಸಿದೆ. ಆಗ ಕಾಣಿಸಿತು. ಅಷ್ಟರಲ್ಲಿ ವಾರಂಟಿ ಮುಗಿದಿತ್ತು. 8,000 ಡಾಲರ್‌ಗೂ ಜಾಸ್ತಿ ಅಂದಾಜು ಕೈಗಿಟ್ಟರು. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನನ್ನು ಉಳಿಸಿದ್ದು ಕಾಗದ. ದೂರು ಶುರುವಾದದ್ದು ವಾರಂಟಿ ಇದ್ದಾಗಲೇ ಅಂತ ಮೂರು ರಿಪೇರಿ ಆರ್ಡರ್ ಹೇಳುತ್ತಿದ್ದವು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ, ಗೊತ್ತಿರುವ ತೊಂದರೆಗಳ ಬಗ್ಗೆ ಕಂಪನಿ ತನ್ನ ಡೀಲರ್‌ಗಳಿಗೆ ಕಳಿಸುವ ಸರ್ವಿಸ್ ಬುಲೆಟಿನ್‌ಗಳು ಸಿಗುತ್ತವೆ. ನನ್ನ ಗೇರ್‌ಬಾಕ್ಸಿನದ್ದೇ ಒಂದು ಇತ್ತು. ಎಲ್ಲ ಸೇರಿಸಿ ಕಂಪನಿಯ ಮುಖ್ಯ ಕಚೇರಿಗೆ ಕಳಿಸಿದೆ. ಎರಡು ತಿಂಗಳ ನಂತರ ಖರ್ಚಿನ ಮುಕ್ಕಾಲು ಪಾಲು ಅವರೇ ಹೊತ್ತರು.

ಹಾಗಾಗಿ ಸರ್ವಿಸ್ ಅಡ್ವೈಸರ್ ತನ್ನ ಭಾಷೆಯಲ್ಲಿ ಬರೆದದ್ದಕ್ಕೆ ಸಹಿ ಹಾಕಬೇಡಿ. ನೀವು ಹೇಳಿದ ಮಾತನ್ನೇ ಬರೆಸಿ, ಪ್ರತಿ ಸಲ ಅದೇ ಮಾತು. "ಏನೂ ಇಲ್ಲ, ಸುಮ್ನೆ ತಗೊಂಡು ಹೋಗಿ" ಅಂದರೂ ಕಾಗದ ಇಲ್ಲದೆ ಹೊರಗೆ ಬರಬೇಡಿ.

ಒಬ್ಬೊಬ್ಬರೇ ಕೂಗಿದರೆ ಕಂಪನಿಗೆ ಕೇಳಿಸುವುದು ಕಷ್ಟ. ಬಿಎಂಡಬ್ಲ್ಯುನ ಎನ್63 ಅನ್ನುವ ಎಂಜಿನ್ ವಿಪರೀತ ಆಯಿಲ್ ಕುಡಿಯುತ್ತದೆ ಅಂತ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು, ಕಂಪನಿ ರಾಜಿಗೆ ಬಂತು. ಪೋರ್ಷೆಯಲ್ಲಿ ಐಎಂಎಸ್ ಅನ್ನುವ ಒಂದು ಸಣ್ಣ ಬೇರಿಂಗ್ ಒಡೆದು ಇಡೀ ಎಂಜಿನ್ನೇ ಹೋಗುತ್ತಿತ್ತು. 2013ರಲ್ಲಿ ಅದೂ ರಾಜಿಯಾಯಿತು.

ಎಚ್-1ಬಿಯಲ್ಲಿ ಇರುವವರು ಕಂಪನಿ ಮೇಲೆ ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತಾ ಅಂತಲೂ ಕೇಳಿದ್ದೀರಿ. ಇದು ಗ್ರಾಹಕರ ಸಿವಿಲ್ ತಕರಾರು, ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಹೆದರಿಕೆಯಿಂದ ನಮ್ಮವರು ಎಷ್ಟೋ ಜನ ಹಣ ಕಳೆದುಕೊಂಡು ಸುಮ್ಮನಾಗಿದ್ದಾರೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನಮ್ಮ ಊರಿನಲ್ಲಿ ದಾರಿಯೇ ಇಲ್ಲ ಅಂತ ಅಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ತಯಾರಕರ ಹೊಣೆಗೇ ಒಂದು ಅಧ್ಯಾಯ ಇದೆ. ಆದರೆ ಕಾಯಬೇಕು. ಹೈದರಾಬಾದಿನಲ್ಲಿ 2009ರಲ್ಲಿ ಕೊಂಡ ಒಂದು ಬಿಎಂಡಬ್ಲ್ಯುಗೆ 50 ಲಕ್ಷ ಕೊಡಿ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ.

ನಮ್ಮ ಭಾವನ ದೊಡ್ಡ ಕಾರಿಗೂ ಈಗ ಇಂಥದ್ದೇ ಗೋಳು. ನಿನ್ನೆ ಕೂತು ಅವರ ಐದು ಜಾಬ್ ಕಾರ್ಡ್, ಅಂದರೆ ವರ್ಕ್‌ಶಾಪ್ ಕೊಡುವ ರಿಪೇರಿ ಕಾಗದ, ಜೋಡಿಸಿದೆವು. ಎರಡರಲ್ಲಿ ಮಾತ್ರ ದೂರು ಸರಿಯಾಗಿ ಬರೆದಿದ್ದಾರೆ. ಸೋಮವಾರ ವರ್ಕ್‌ಶಾಪಿಗೆ ಹೋಗಿ ಉಳಿದದ್ದನ್ನು ಬರವಣಿಗೆಯಲ್ಲಿ ಕೇಳುತ್ತೇವೆ. ಕೊಡದಿದ್ದರೆ ಶಾಂತಿನಗರದ ಗ್ರಾಹಕ ಆಯೋಗಕ್ಕೆ.

ನೀವು ಅಲ್ಲಿ ಕಾರು ನೋಡಿದಾಗ ಹಣ ಕೊಡುವ ಮೊದಲು ಅದರ 17 ಅಕ್ಷರ-ಅಂಕಿಗಳ ವಿನ್ ನಂಬರ್, ಅಂದರೆ ಆ ಕಾರಿನ ಗುರುತಿನ ಸಂಖ್ಯೆ, ನನಗೆ ಕಳಿಸಿ. ದೋಷ ಸರಿಮಾಡಲು ಕಂಪನಿ ಕರೆದ ರೀಕಾಲ್ ಬಾಕಿ ಇದೆಯಾ, ಬುಲೆಟಿನ್ ಏನಿದೆ ಅಂತ ಇಬ್ಬರೂ ಕೂತು ನೋಡೋಣ.